ಜೇಡ್ ಕಲ್ಲು, ಅದರ ಗಣಿ, ಅದರ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಡ್ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಬಳೆ ಕೊಂಡವರು ಕೇಳುತ್ತಾರೆ, ಭೂವಿಜ್ಞಾನ ಓದುವ ಹುಡುಗರು ಕೇಳುತ್ತಾರೆ, ಜಮೀನಿನಲ್ಲಿ ಹಸಿರು ಕಲ್ಲು ಸಿಕ್ಕವರು ಆಸೆಯಿಂದ ಕೇಳುತ್ತಾರೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಯಾವುದು ಬೇಕೋ ನೇರವಾಗಿ ಅಲ್ಲಿಗೇ ಹೋಗಬಹುದು.

## ಮೊದಲ ಪರಿಚಯ

ಜೇಡ್ ಅಂದ್ರೆ ಒಂದು ಕಲ್ಲಾ, ಎರಡಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡು. ಅಂಗಡಿಯಲ್ಲಿ ಎರಡಕ್ಕೂ ಜೇಡ್ ಅಂತಲೇ ಹೇಳುತ್ತಾರೆ, ಆದರೆ ಖನಿಜ ಬೇರೆ ಬೇರೆ. ಜೇಡೈಟ್ ಎನ್ನುವುದು ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾ ಸೇರಿದ ಪೈರಾಕ್ಸೀನ್ ಗುಂಪಿನ ಖನಿಜ. ನೆಫ್ರೈಟ್ ಆಂಫಿಬೋಲ್ ಗುಂಪಿನದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸ್ವಲ್ಪ ಕಬ್ಬಿಣ, ಜೊತೆಗೆ ಒಂಚೂರು ನೀರಿನಂಶ ಇರುತ್ತದೆ.

1863ರಲ್ಲಿ ಫ್ರಾನ್ಸಿನ ಖನಿಜ ವಿಜ್ಞಾನಿ ಅಲೆಕ್ಸಿ ದಮೂರ್ ಬರ್ಮಾದಿಂದ (ಈಗಿನ ಮ್ಯಾನ್ಮಾರ್) ಬಂದ ಹಸಿರು ಕಲ್ಲನ್ನು ಪರೀಕ್ಷೆ ಮಾಡಿ, ಇದು ಚೀನಾದವರು ಸಾವಿರಾರು ವರ್ಷಗಳಿಂದ ಕೆತ್ತುತ್ತಿದ್ದ ನೆಫ್ರೈಟ್ ಅಲ್ಲ ಎಂದು ತೋರಿಸಿದರು. ಈ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಹುಟ್ಟುವ ಜಾಗ, ಸಿಗುವ ಪ್ರಮಾಣ, ಬೆಲೆ ಮೂರರಲ್ಲೂ ಎರಡು ಕಲ್ಲುಗಳ ದಾರಿ ಬೇರೆ.

ಜೇಡ್ ಹಸಿರೇ ಆಗಿರಬೇಕಾ?

ಬೇಕಿಲ್ಲ. ಶುದ್ಧ ಜೇಡೈಟ್ ಬಿಳಿ. ಅದರೊಳಗೆ ಸ್ವಲ್ಪ ಕ್ರೋಮಿಯಂ ಸೇರಿದರೆ ಪಚ್ಚೆಯಂಥ ಹಸಿರು ಬರುತ್ತದೆ. ಕಬ್ಬಿಣ ಸೇರಿದರೆ ಮಂಕು ಹಸಿರು. ತಿಳಿ ನೇರಳೆ ಬಣ್ಣ ಮ್ಯಾಂಗನೀಸ್‌ನದು. ಕೆಂಪು, ಹಳದಿ ಬಣ್ಣಗಳು ಸಾಮಾನ್ಯವಾಗಿ ಕಲ್ಲಿನ ಹೊರಪದರದಲ್ಲಿ ಕಾಣುತ್ತವೆ. ಮಣ್ಣಿನಲ್ಲಿ ಬಿದ್ದು ಕಬ್ಬಿಣದ ತುಕ್ಕು ಒಳಗೆ ಇಳಿದದ್ದರ ಗುರುತು ಅದು. ನೆಫ್ರೈಟ್ ಬಿಳಿಯಿಂದ ಕಡು ಹಸಿರು, ಕಪ್ಪಿನವರೆಗೂ ಇದೆ. ಚೀನಾದಲ್ಲಿ ಒಳ್ಳೆಯ ಬಿಳಿ ನೆಫ್ರೈಟ್‌ಗೆ ಹಸಿರಿಗಿಂತ ಜಾಸ್ತಿ ಬೆಲೆ.

ಜೇಡ್ ವಜ್ರಕ್ಕಿಂತ ಗಟ್ಟಿ ಅಂತಾರಲ್ಲ, ನಿಜಾನಾ?

ಗೀರು ಬೀಳುವ ವಿಷಯದಲ್ಲಿ ಅಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಜೇಡೈಟ್ 6.5ರಿಂದ 7, ನೆಫ್ರೈಟ್ 6ರಿಂದ 6.5. ಅಂದರೆ ಬೆಣಚುಕಲ್ಲಿನಿಂದಲೂ ನೆಫ್ರೈಟ್‌ಗೆ ಗೀರು ಬೀಳುತ್ತದೆ.

ಆದರೆ ಸುತ್ತಿಗೆಯಿಂದ ಹೊಡೆದಾಗ ಒಡೆಯದೆ ನಿಲ್ಲುವ ಗುಣ ಬೇರೆ. ವಜ್ರ ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳಿಹೋಗುತ್ತದೆ. ನೆಫ್ರೈಟ್ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಕಂಬಳಿಯ ಉಣ್ಣೆಯ ಹಾಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬಿರುಕು ಹುಟ್ಟಿದರೂ ನೇರವಾಗಿ ಓಡಲು ದಾರಿಯೇ ಸಿಗುವುದಿಲ್ಲ. ಶಿಲಾಯುಗದ ಜನ ಇದರಿಂದ ಕೊಡಲಿ, ಉಳಿ ಮಾಡಿಕೊಂಡದ್ದು ಇದೇ ಕಾರಣಕ್ಕೆ. ಒಡೆಯದ ಈ ಗುಣ ಇರುವುದರಿಂದಲೇ ಒಂದೇ ಕಲ್ಲಿನಲ್ಲಿ ಇಡೀ ಬಳೆ ಕೊರೆಯಬಹುದು, ಕಾಗದದಷ್ಟು ತೆಳ್ಳಗಿನ ಬಟ್ಟಲು ಕೆತ್ತಬಹುದು.

ಚೀನಾದವರಿಗೆ ಯಾಕೆ ಇದರ ಮೇಲೆ ಇಷ್ಟು ಪ್ರೀತಿ?

ಅವರಿಗೆ ಇದು ಬಂಗಾರಕ್ಕಿಂತ ಹಳೆಯ ನಂಟು. ಸುಮಾರು 5,000 ವರ್ಷದ ಹಿಂದೆ ಲಿಯಾಂಗ್‌ಝು ಸಂಸ್ಕೃತಿಯ ಜನ ಸತ್ತವರ ಜೊತೆ ನೆಫ್ರೈಟ್ ಬಿಲ್ಲೆಗಳನ್ನು ಹೂಳುತ್ತಿದ್ದರು. ಹಾನ್ ರಾಜವಂಶದ ಲಿಯು ಶೆಂಗ್ ಎಂಬ ರಾಜಕುಮಾರನ ಸಮಾಧಿ 1968ರಲ್ಲಿ ಸಿಕ್ಕಿತು. ಹೆಣಕ್ಕೆ ತೊಡಿಸಿದ್ದ ಉಡುಪಿನಲ್ಲಿ 2,498 ಜೇಡ್ ತುಂಡುಗಳಿದ್ದವು. ಎಲ್ಲವನ್ನೂ ಬಂಗಾರದ ತಂತಿಯಿಂದ ಹೊಲಿದಿದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳ ಹಿಂಬದಿಯಲ್ಲೂ ಚಿಂಗ್‌ಹಾಯ್ ಪ್ರಾಂತ್ಯದ ಜೇಡ್ ಕೂರಿಸಿದ್ದರು. ಬರ್ಮಾದ ಜೇಡೈಟ್ ಅಲ್ಲಿ ಜೋರಾಗಿ ಮಾರಾಟವಾಗತೊಡಗಿದ್ದು ಹದಿನೆಂಟನೇ ಶತಮಾನದಿಂದ ಈಚೆಗೆ.

## ಭೂಮಿಯೊಳಗೆ ನಡೆಯುವುದು

ಜೇಡೈಟ್ ಹೇಗೆ ಹುಟ್ಟುತ್ತೆ? ಸರಳವಾಗಿ ಹೇಳಿ.

ಎರಡು ಭೂಫಲಕಗಳು ಎದುರುಬದುರಾದಾಗ ಸಮುದ್ರದ ತಳವಿರುವ ಫಲಕ ಇನ್ನೊಂದರ ಕೆಳಗೆ ನುಗ್ಗುತ್ತದೆ. ಆ ತಳ ತಣ್ಣಗಿರುತ್ತದೆ, ಒದ್ದೆಯಾಗಿರುತ್ತದೆ. ಕೆಳಗೆ ಹೋದಂತೆ ಮೇಲಿನ ಭಾರ ಏರುತ್ತಲೇ ಹೋಗುತ್ತದೆ, ಆದರೆ ಫಲಕ ಬಿಸಿಯಾಗಲು ತುಂಬಾ ಸಮಯ ಬೇಕು. ಹೀಗೆ 20 ಕಿಲೋಮೀಟರಿಗಿಂತ ಆಳದಲ್ಲಿ ಒಂದು ಅಪರೂಪದ ಪರಿಸ್ಥಿತಿ ಉಂಟಾಗುತ್ತದೆ: ಒತ್ತಡ ವಿಪರೀತ, ಶಾಖ ಕಡಿಮೆ.

ಅಲ್ಲಿ ಮುಳುಗುತ್ತಿರುವ ಬಂಡೆ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಅದು ಸುಮ್ನೆ ನೀರಲ್ಲ. ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾ ಕರಗಿದ ನೀರು. ಮೇಲಿರುವ ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ಪದರ) ಬಂಡೆಯೊಳಗೆ ಅದು ನುಗ್ಗುತ್ತದೆ, ಆ ಬಂಡೆಯನ್ನು ಜಾರುವ ಸರ್ಪೆಂಟಿನೈಟ್ ಆಗಿ ಬದಲಾಯಿಸುತ್ತದೆ, ಬಿರುಕುಗಳಲ್ಲಿ ಜೇಡೈಟ್ ಆಗಿ ಹೆಪ್ಪುಗಟ್ಟುತ್ತದೆ. ಹತ್ತಿರದಲ್ಲಿ ಕ್ರೋಮಿಯಂನ ಅದಿರಾದ ಕ್ರೋಮೈಟ್ ಇದ್ದರೆ ಅದರಿಂದ ಒಂದಿಷ್ಟು ಕ್ರೋಮಿಯಂ ಬಂದು ಸೇರುತ್ತದೆ. ಹಸಿರಿನ ಗುಟ್ಟು ಅಲ್ಲಿದೆ. ಒತ್ತಡ, ತಂಪು, ಸರಿಯಾದ ನೀರು, ಪಕ್ಕದಲ್ಲೇ ಕ್ರೋಮಿಯಂ, ಇಷ್ಟೂ ಒಂದೇ ಕಡೆ ಕೂಡಿಬರುವುದು ಬಲು ಅಪರೂಪ.

ನೆಫ್ರೈಟ್ ಹುಟ್ಟೋದೂ ಹಾಗೇನಾ?

ಅದಕ್ಕೆ ಅಷ್ಟು ಒತ್ತಡ ಬೇಕಿಲ್ಲ. ಎರಡು ಬಗೆಯ ಬಂಡೆಗಳು ಮುಟ್ಟುವ ಅಂಚಿನಲ್ಲಿ, ಬಿಸಿ ದ್ರವ ಹರಿದು ಖನಿಜಗಳು ಅದಲು ಬದಲಾದಾಗ ನೆಫ್ರೈಟ್ ಹುಟ್ಟುತ್ತದೆ. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸರ್ಪೆಂಟಿನೈಟ್ ಪಕ್ಕದಲ್ಲಿ ಸಿಲಿಕಾ, ಕ್ಯಾಲ್ಸಿಯಂ ಇರುವ ಬೇರೆ ಬಂಡೆ ಇರಬೇಕು. ಕೆನಡಾ, ನ್ಯೂಜಿಲೆಂಡ್, ತೈವಾನ್, ಸೈಬೀರಿಯಾದ ಪೂರ್ವ ಸಾಯನ್ ಬೆಟ್ಟಗಳ ಹಸಿರು ನೆಫ್ರೈಟ್ ಈ ಬಗೆಯದು. ಇನ್ನೊಂದರಲ್ಲಿ ಸುಣ್ಣದಕಲ್ಲಿನಂಥ ಡಾಲಮೈಟ್ ಬಂಡೆಗೆ ಗ್ರಾನೈಟ್ ಬಂದು ತಗಲುತ್ತದೆ. ಡಾಲಮೈಟ್‌ನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಬಿಳಿ ಮತ್ತು ತಿಳಿ ಬಣ್ಣದ ಕಲ್ಲು ಸಿಗುತ್ತದೆ. ಚೀನಾದ ಖೋತಾನ್, ಕೊರಿಯಾದ ಚುಂಚಿಯಾನ್ ಹೀಗೆ. ಬಣ್ಣ ನೋಡಿ ತಾಯಿಬಂಡೆ ಯಾವುದಿರಬಹುದು ಎಂದು ಊಹಿಸಲು ಆಗುವುದು ಇದರಿಂದಲೇ.

ಅಷ್ಟು ಆಳದಲ್ಲಿ ಹುಟ್ಟಿದ್ದು ಮೇಲೆ ಬಂದದ್ದು ಹೇಗೆ? ನದಿಯಲ್ಲಿ ಯಾಕೆ ಸಿಗುತ್ತೆ?

ಸರ್ಪೆಂಟಿನೈಟ್ ಹಗುರ, ಜೊತೆಗೆ ಜಾರುವ ಬಂಡೆ. ಭೂಫಲಕಗಳ ನಡುವಿನ ಸ್ತರಭಂಗದುದ್ದಕ್ಕೂ, ಅಂದರೆ ದೊಡ್ಡ ಬಿರುಕಿನುದ್ದಕ್ಕೂ, ಅದು ನಿಧಾನವಾಗಿ ಮೇಲಕ್ಕೆ ಹಿಂಡಿಕೊಂಡು ಬರುತ್ತದೆ, ಜೇಡೈಟ್ ತುಂಡುಗಳನ್ನೂ ಹೊತ್ತು ತರುತ್ತದೆ. ಜಗತ್ತಿನ ಜೇಡೈಟ್ ಎಲ್ಲ ದೊಡ್ಡ ಸ್ತರಭಂಗಗಳ ಪಕ್ಕದಲ್ಲೇ ಇರುವುದು ಈ ಕಾರಣಕ್ಕೆ. ಬರ್ಮಾದಲ್ಲಿ ಸಗಾಯಿಂಗ್ ಸ್ತರಭಂಗ, ಗ್ವಾಟೆಮಾಲಾದಲ್ಲಿ ಮೊಟಾಗುವಾ.

ಮೇಲೆ ಬಂದ ಮೇಲೆ ಮಳೆ, ನದಿಗಳ ಕೆಲಸ. ಮೆತ್ತಗಿನ ಸರ್ಪೆಂಟಿನೈಟ್ ಸವೆದು ಹೋಗುತ್ತದೆ, ಜೇಡೈಟ್ ಗುಂಡುಗಳು ಉಳಿಯುತ್ತವೆ. ಬರ್ಮಾದ ಕಚಿನ್ ರಾಜ್ಯದಲ್ಲಿ ಉರು ನದಿ ಹಳೆಯ ಕಾಲದಲ್ಲಿ ತಂದು ಹಾಕಿದ ಗುಂಡುಕಲ್ಲಿನ ದಪ್ಪ ಪದರಗಳಿವೆ. ಅಲ್ಲಿನ ಒಳ್ಳೆಯ ಜೇಡ್ ಹೆಚ್ಚಾಗಿ ಬಂದದ್ದು ಈ ಪದರಗಳಿಂದ. ನದಿ ಉರುಳಿಸಿಕೊಂಡು ಹೋಗುವಾಗ ಬಿರುಕುಬಿಟ್ಟ ಕಲ್ಲು ದಾರಿಯಲ್ಲೇ ಒಡೆದು ಪುಡಿಯಾಗುತ್ತದೆ. ಕೊನೆಗೆ ಉಳಿಯುವುದು ಗಟ್ಟಿ ಕಲ್ಲು ಮಾತ್ರ. ಖೋತಾನ್‌ನಲ್ಲಿ ಯುರುಂಗ್‌ಕಾಶ್ ಮತ್ತು ಕರಕಾಶ್ ನದಿಗಳಲ್ಲಿ ಸಿಗುವ ಉರುಟು ಕಲ್ಲಿಗೆ ಬೆಟ್ಟದಿಂದ ಕಡಿದ ಕಲ್ಲಿಗಿಂತ ಜಾಸ್ತಿ ಬೆಲೆ ಇರುವುದೂ ಹೀಗೆಯೇ.

ಜಗತ್ತಲ್ಲಿ ಎಲ್ಲೆಲ್ಲಿ ಸಿಗುತ್ತೆ?

ನೆಫ್ರೈಟ್ ಸಿಗುವ ಜಾಗಗಳು ನೂರಕ್ಕೂ ಹೆಚ್ಚು. ಜೇಡೈಟ್ ಬಂಡೆ ಗೊತ್ತಿರುವ ಜಾಗಗಳು ಇಪ್ಪತ್ತರ ಆಸುಪಾಸು, ಆಭರಣಕ್ಕೆ ಲೆಕ್ಕಕ್ಕೆ ಬರುವಷ್ಟು ಕಲ್ಲು ಕೊಡುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಬರ್ಮಾದ ಫಾಕಾಂಟ್ ಮೊದಲನೆಯದು, ಉಳಿದವು ಅದಕ್ಕಿಂತ ಬಹಳ ಹಿಂದಿವೆ. ಗ್ವಾಟೆಮಾಲಾದ ಮೊಟಾಗುವಾ ಕಣಿವೆಯ ಕಲ್ಲನ್ನು ಮಾಯಾ ಜನ ಬಳಸುತ್ತಿದ್ದರು. ಜಪಾನಿನ ಇಟೋಯಿಗಾವಾದಲ್ಲಿ ಸಾವಿರಾರು ವರ್ಷದ ಹಿಂದೆ ಕೆತ್ತುತ್ತಿದ್ದ ಕಲ್ಲಿನ ಮೂಲ ಮತ್ತೆ ಪತ್ತೆಯಾದದ್ದು 1930ರ ದಶಕದ ಕೊನೆಯಲ್ಲಿ. 2016ರಲ್ಲಿ ಅಲ್ಲಿನ ಖನಿಜ ವಿಜ್ಞಾನಿಗಳ ಸಂಘ ಜೇಡೈಟನ್ನು ಜಪಾನಿನ ರಾಷ್ಟ್ರೀಯ ಕಲ್ಲು ಎಂದು ಆರಿಸಿತು. ಕಜಕಸ್ತಾನ, ರಷ್ಯಾ, ಇಟಲಿಯ ಆಲ್ಪ್ಸ್, ಕ್ಯಾಲಿಫೋರ್ನಿಯಾದಲ್ಲೂ ಸ್ವಲ್ಪ ಸ್ವಲ್ಪ ಇದೆ.

## ನಮ್ಮ ಕಡೆಯ ಪ್ರಶ್ನೆಗಳು

ಚಿತ್ರದುರ್ಗ, ಹಾಸನದ ಕಡೆ ಹಸಿರು ಕಲ್ಲು ಸಿಗುತ್ತಲ್ಲ, ಅದು ಜೇಡ್ ತಾನೇ?

ಅಲ್ಲ. ಅದು ಸಾಮಾನ್ಯವಾಗಿ ಫುಕ್ಸೈಟ್ ಕ್ವಾರ್ಟ್ಜೈಟ್. ಕ್ರೋಮಿಯಂ ಇರುವ ಹಸಿರು ಅಭ್ರಕದ ಸಣ್ಣ ಚಕ್ಕೆಗಳು ಬೆಣಚುಕಲ್ಲಿನೊಳಗೆ ಹರಡಿಕೊಂಡಿರುವ ಬಂಡೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿ ಭಾಗದ ಫುಕ್ಸೈಟ್ ಕ್ವಾರ್ಟ್ಜೈಟ್ ಭೂವಿಜ್ಞಾನಿಗಳಿಗೆ ಚೆನ್ನಾಗಿ ಪರಿಚಯ. ಒಂದು ತುಂಡನ್ನು ಬಿಸಿಲಲ್ಲಿ ಹಿಡಿದು ತಿರುಗಿಸಿ ನೋಡಿ. ಚಕ್ಕೆಗಳು ಮಿಣಕ್ ಮಿಣಕ್ ಹೊಳೆಯುತ್ತವೆ. ಜೇಡ್ ಹಾಗೆ ಮಿನುಗುವುದಿಲ್ಲ, ಅದರ ಹೊಳಪು ಎಣ್ಣೆ ಸವರಿದಂತೆ ಒಂದೇ ಸಮನಾಗಿರುತ್ತದೆ.

ಇಂಥ ಹಸಿರು ಕಲ್ಲನ್ನೇ ಅವೆಂಚುರಿನ್ ಎಂದು ಕರೆದು, ಹೊರದೇಶಗಳಲ್ಲಿ 'ಇಂಡಿಯನ್ ಜೇಡ್' ಎಂದು ಮಾರುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿಂದ. ನಮ್ಮ ಕಾನೂನಿನಲ್ಲೂ ಇದಕ್ಕೆ ತನ್ನದೇ ಹೆಸರಿದೆ: 2015ರಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಫುಕ್ಸೈಟ್ ಕ್ವಾರ್ಟ್ಜೈಟ್ ಕೂಡ ಇತ್ತು. ಅಂದರೆ ಅದರ ಗಣಿಗೆ ಸಂಬಂಧಿಸಿದ ನಿಯಮ ಮಾಡುವುದು ರಾಜ್ಯ ಸರ್ಕಾರ. ಜಮೀನಿನಲ್ಲಿ ಸಿಕ್ಕಿದೆ ಎಂದು ಅನುಮತಿ ಇಲ್ಲದೆ ಕಡಿದು ಮಾರುವ ಹಾಗಿಲ್ಲ. ಅಲಂಕಾರಕ್ಕೆ, ನೆಲಕ್ಕೆ ಹಾಸಲು ಚಂದದ ಕಲ್ಲು ಅದು. ಸ್ವಂತ ಹೆಸರಿನಲ್ಲೇ ಮಾರಬಹುದಾದ ಕಲ್ಲಿಗೆ ಜೇಡ್ ಎಂಬ ಸುಳ್ಳು ಹೆಸರು ಬೇಕಿಲ್ಲ.

ಹಾಸನದಲ್ಲಿ ಸರ್ಪೆಂಟಿನೈಟೂ ಇದೆ, ಕ್ರೋಮೈಟೂ ಇದೆ. ಹಾಗಾದ್ರೆ ಜೇಡೈಟ್ ಯಾಕಿಲ್ಲ?

ಒಳ್ಳೆಯ ಪ್ರಶ್ನೆ. ನುಗ್ಗೇಹಳ್ಳಿ ಬೆಲ್ಟ್‌ನಲ್ಲಿ, ಬೈರಾಪುರದ ಕ್ರೋಮೈಟ್ ಗಣಿಯ ಸುತ್ತ ಇವೆರಡೂ ಇರುವುದು ನಿಜ. ಮೇಲೆ ಹೇಳಿದ ಸಾಮಗ್ರಿಯಲ್ಲಿ ಅರ್ಧ ಇದ್ದಂತೆಯೇ ಆಯಿತು. ಇಲ್ಲದ್ದು ತಂಪು.

ಆ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಆಗ ಭೂಮಿಯ ಒಳಗು ಈಗಿಗಿಂತ ಬಹಳ ಬಿಸಿ ಇತ್ತು. ಆಳಕ್ಕೆ ಹೋದ ಬಂಡೆ ತಣ್ಣಗೆ ಉಳಿಯುವ ಸಾಧ್ಯತೆಯೇ ಇರಲಿಲ್ಲ. ಜಗತ್ತಿನಲ್ಲಿ ಗೊತ್ತಿರುವ ಜೇಡೈಟ್ ಬಂಡೆಗಳೆಲ್ಲ 60 ಕೋಟಿ ವರ್ಷದ ಈಚಿನವು. ಬರ್ಮಾದ್ದು ಡೈನೋಸಾರ್‌ಗಳ ಕಾಲದ್ದು. ಅಲ್ಲದೆ, ಜೇಡೈಟ್ ಹುಟ್ಟಿದ ಮೇಲೆ ಬಿಸಿ ತಗಲಿದರೆ ಬೇರೆ ಖನಿಜವಾಗಿ ಮಾರ್ಪಡುತ್ತದೆ. ಹಳೆಯ ಬಂಡೆ ಕೋಟಿಗಟ್ಟಲೆ ವರ್ಷಗಳಲ್ಲಿ ಹತ್ತಾರು ಸಲ ಬಿಸಿಯಾಗಿರುತ್ತದೆ. ಹಾಗಾಗಿ ನಮ್ಮ ಧಾರವಾಡ ಶಿಲೆಗಳಲ್ಲಿ ಬಂಗಾರ ಹುಡುಕಿ, ಕ್ರೋಮೈಟ್ ಹುಡುಕಿ. ಜೇಡೈಟ್ ಹುಡುಕುವುದರಲ್ಲಿ ಅರ್ಥವಿಲ್ಲ.

ಮತ್ತೆ ಮೊಘಲರ ಬಳಿ ಇದ್ದ ಜೇಡ್ ಎಲ್ಲಿಂದ ಬಂತು?

ಮುಖ್ಯವಾಗಿ ಖೋತಾನ್ ಕಡೆಯಿಂದ, ಬೆಟ್ಟದ ದಾರಿಗಳಲ್ಲಿ ವ್ಯಾಪಾರಿಗಳ ಜೊತೆ ಬಂತು. ಅದು ನೆಫ್ರೈಟ್. ಕಲ್ಲು ಹೊರಗಿನದು, ಕೈಚಳಕ ಇಲ್ಲಿಯದು. ಜೇಡ್ ಮೇಲೆ ಕುಂದಣ ಮಾಡಿ ಮಾಣಿಕ್ಯ ಕೂರಿಸುವ ಕೆಲಸವನ್ನು ಅಷ್ಟು ನಾಜೂಕಾಗಿ ಬೇರೆ ಯಾರೂ ಮಾಡಿಲ್ಲ ಎಂದೇ ನಾನು ಹೇಳುತ್ತೇನೆ. ಷಹಜಹಾನನ ಬಿಳಿ ಜೇಡ್ ಬಟ್ಟಲು 1657ರದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕೆಳಗೆ ಕಮಲದ ದಳ, ಹಿಡಿಯ ತುದಿಯಲ್ಲಿ ಆಡಿನ ತಲೆ. ಲಂಡನ್ ದೂರವಾಯಿತು ಎಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಅಲ್ಲಿ ಜೇಡ್‌ಗೇ ಒಂದು ಕೊಠಡಿ ಇದೆ. ಜಹಾಂಗೀರನ ಕಠಾರಿ, ನೂರ್ ಜಹಾನಳ ಹಣ್ಣಿನ ಚಾಕು ಎರಡನ್ನೂ ನೋಡಬಹುದು.

ನಾಗಾಲ್ಯಾಂಡ್ ಬರ್ಮಾದ ಪಕ್ಕದಲ್ಲೇ ಇದೆ. ಅಲ್ಲಿ ಸಿಗಬಹುದಾ?

ಭಾರತದಲ್ಲಿ ಹುಡುಕಲೇಬೇಕು ಎಂದರೆ ಎರಡು ಕಡೆ ನೋಡಬೇಕು: ನಾಗಾಲ್ಯಾಂಡ್–ಮಣಿಪುರದ ಓಫಿಯೋಲೈಟ್ ಪಟ್ಟಿ ಮತ್ತು ಲಡಾಖಿನ ಸಿಂಧೂ ಸಂಧಿವಲಯ (ಎರಡು ಭೂಫಲಕಗಳು ಬೆಸೆದುಕೊಂಡ ಜಾಗ). ಎರಡೂ ಕಡೆ ಹಳೆಯ ಸಾಗರತಳದ ತುಣುಕುಗಳಿವೆ, ಸರ್ಪೆಂಟಿನೈಟ್ ಇದೆ, ತಂಪಿನಲ್ಲಿ ಹೆಚ್ಚು ಒತ್ತಡ ಕಂಡ ನೀಲಿಶಿಲೆಗಳೂ ಸಿಕ್ಕಿವೆ. ಭೂವಿಜ್ಞಾನದ ಪ್ರಕಾರ ದಾರಿ ಮುಚ್ಚಿಲ್ಲ. ಆದರೆ ಖನಿಜದ ಸುಳಿವು ಬೇರೆ, ಮಾರುವಂಥ ಕಲ್ಲು ಬೇರೆ. ಇವತ್ತಿಗೆ ಭಾರತದಲ್ಲಿ ವ್ಯಾಪಾರಕ್ಕೆ ನಡೆಯುವ ಜೇಡ್ ಗಣಿ ಇಲ್ಲ.

## ಕೊಳ್ಳುವವರು ಕೇಳುವುದು

ಎ ಟೈಪ್, ಬಿ ಟೈಪ್, ಸಿ ಟೈಪ್ ಅಂದ್ರೇನು?

ಇದು ಜೇಡೈಟ್‌ಗೆ ಸಂಬಂಧಿಸಿದ ಮಾತು, ಗುಣಮಟ್ಟದ ದರ್ಜೆ ಅಲ್ಲ. ಎ ಅಂದರೆ ಕೊರೆದು ಪಾಲಿಶ್ ಮಾಡಿದ್ದು, ಹೆಚ್ಚೆಂದರೆ ಮೇಣ ಸವರಿದ್ದು. ಬಿ ಅಂದರೆ ಆಮ್ಲದಲ್ಲಿ ನೆನೆಸಿ ಕಂದು ಕಲೆ ತೆಗೆದು, ಆಗ ಉಂಟಾದ ಸಣ್ಣ ರಂಧ್ರಗಳಿಗೆ ಪ್ಲಾಸ್ಟಿಕ್ ರಾಳ ತುಂಬಿದ್ದು. ಸಿ ಅಂದರೆ ಬಣ್ಣ ಹಾಕಿದ್ದು. ಎರಡನ್ನೂ ಮಾಡಿದ್ದರೆ ಬಿ ಪ್ಲಸ್ ಸಿ.

ಬಿ ಟೈಪ್ ಬಳೆ ಅಂಗಡಿಯ ದೀಪದಡಿ ಎ ಟೈಪ್‌ಗಿಂತ ಚೆನ್ನಾಗಿ ಕಾಣಬಹುದು. ಆದರೆ ಆಮ್ಲ ಕಲ್ಲಿನ ಕಟ್ಟನ್ನೇ ಸಡಿಲಿಸಿರುತ್ತದೆ, ವರ್ಷಗಳು ಕಳೆದಂತೆ ರಾಳ ಹಳದಿಯಾಗುತ್ತದೆ. ಬರಿಗಣ್ಣಿಗೆ ಇದನ್ನು ಖಚಿತವಾಗಿ ಹೇಳಲು ಆಗದು. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ರಾಳ ಸಿಕ್ಕಿಬೀಳುತ್ತದೆ. ದುಬಾರಿ ತುಂಡಾದರೆ ಲ್ಯಾಬ್ ವರದಿ ಇಲ್ಲದೆ ಕೊಳ್ಳಬೇಡಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದಾ? ಸೂಜಿಯಿಂದ ಗೀರಿ ನೋಡು ಅಂತಾರೆ.

ಸೂಜಿ ಬೇಡ. ನಕಲಿ ಬೆಣಚುಕಲ್ಲೂ ಸೂಜಿಗೆ ಜಗ್ಗುವುದಿಲ್ಲ. ಅದಕ್ಕಿಂತ ಸಾಂದ್ರತೆ ನೋಡುವುದು ಮೇಲು. ಬೇಕಾಗುವುದು ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಒಂದು ದಾರ.

ಮೊದಲು ಕಲ್ಲನ್ನು ಹಾಗೇ ತೂಗಿ. 50 ಗ್ರಾಂ ಬಂತು ಅಂದುಕೊಳ್ಳಿ. ಈಗ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಅಂಚಿಗಾಗಲಿ ತಾಗಬಾರದು. ಕಲ್ಲಿಗೆ ಅಂಟಿದ ಗಾಳಿಗುಳ್ಳೆ ಇದ್ದರೆ ಬೆರಳಿನಿಂದ ತೆಗೆಯಿರಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ 50ನ್ನು ಭಾಗಿಸಿ. 15 ತೋರಿಸಿದರೆ ಉತ್ತರ 3.33, ಅದು ಜೇಡೈಟ್‌ಗೆ ಹೊಂದುತ್ತದೆ. 17ರ ಹತ್ತಿರ ಬಂದರೆ 2.94, ನೆಫ್ರೈಟ್ ಇರಬಹುದು. 19ರ ಹತ್ತಿರ ಬಂದರೆ ಬೆಣಚುಕಲ್ಲು ಅಥವಾ ಸರ್ಪೆಂಟಿನ್. 20 ಬಂದರೆ ಗಾಜಿನ ಅನುಮಾನ ಪಡಬೇಕು.

ಬಂಗಾರ, ಬೆಳ್ಳಿ ಕಟ್ಟಿದ ಒಡವೆಗೆ ಈ ಲೆಕ್ಕ ನಡೆಯುವುದಿಲ್ಲ. ಬಿ ಟೈಪ್ ಹೌದೋ ಅಲ್ಲವೋ ಎಂದೂ ಇದು ಹೇಳುವುದಿಲ್ಲ. ಪೂರ್ತಿ ನಕಲಿಯನ್ನು ಮಾತ್ರ ಹೊರಗಿಡುತ್ತದೆ, ಅಷ್ಟೇ ಸಾಕಷ್ಟು ದೊಡ್ಡ ಸಹಾಯ.

ಮಲೇಷ್ಯಾ ಜೇಡ್, ಅಫ್ಘಾನ್ ಜೇಡ್, ಆಸ್ಟ್ರೇಲಿಯನ್ ಜೇಡ್... ಇವೆಲ್ಲ ಏನು?

ಊರಿನ ಹೆಸರು ಅಂಟಿಸಿದ ಜೇಡ್ ಕಂಡರೆ ಹುಷಾರಾಗಿರಿ. ಮಲೇಷ್ಯಾ ಜೇಡ್ ಬಣ್ಣ ಹಾಕಿದ ಕ್ವಾರ್ಟ್ಜೈಟ್. ಅಫ್ಘಾನ್ ಜೇಡ್, ನ್ಯೂ ಜೇಡ್ ಎನ್ನುವುದು ಸರ್ಪೆಂಟಿನ್. ಆಸ್ಟ್ರೇಲಿಯನ್ ಜೇಡ್ ಎಂದು ಮಾರುವುದು ಹೆಚ್ಚಾಗಿ ಕ್ರಿಸೊಪ್ರೇಸ್ ಎಂಬ ಬೇರೆ ಹಸಿರು ಕಲ್ಲು. ಟ್ರಾನ್ಸ್‌ವಾಲ್ ಜೇಡ್ ಒಂದು ಬಗೆಯ ಗಾರ್ನೆಟ್. ಮುಖಕ್ಕೆ ಉಜ್ಜುವ ಅಗ್ಗದ 'ಜೇಡ್ ರೋಲರ್'ಗಳಲ್ಲೂ ಇಂಥವೇ ಜಾಸ್ತಿ. ಉಜ್ಜಿಕೊಳ್ಳಲು ಅಡ್ಡಿಯಿಲ್ಲ, ಜೇಡ್ ಬೆಲೆ ಮಾತ್ರ ಕೊಡಬೇಡಿ.

## ಬೆಲೆ ಮತ್ತು ವ್ಯಾಪಾರ

ಒಂದು ಜೇಡ್‌ಗೆ ಕೋಟಿ, ಇನ್ನೊಂದಕ್ಕೆ ಕೆಲವೇ ಸಾವಿರ. ಯಾಕೆ ಹೀಗೆ?

ಬೆಲೆ ನಿಂತಿರುವುದು ಮುಖ್ಯವಾಗಿ ಮೂರರ ಮೇಲೆ: ಬಣ್ಣ, ಬೆಳಕು ಹಾಯುವ ಗುಣ, ಹರಳುಗಳ ನುಣುಪು. ಹಸಿರು ಕಡುವಾಗಿದ್ದು ಕಲ್ಲು ಮಬ್ಬಾಗಿದ್ದರೆ ಬೆಲೆ ಕುಸಿಯುತ್ತದೆ. ಬಣ್ಣವೇ ಇಲ್ಲದೆ ಗಾಜಿನಂತೆ ತಿಳಿಯಾಗಿದ್ದರೆ ಒಳ್ಳೆಯ ಬೆಲೆ ಬರುತ್ತದೆ. ಎಲ್ಲವೂ ಒಂದೇ ಕಲ್ಲಿನಲ್ಲಿ ಕೂಡಿದರೆ ಬೆಲೆಗೆ ಮಿತಿ ಇಲ್ಲ. 2014ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಸೋದೆಬಿಸ್ ಹರಾಜಿನಲ್ಲಿ ಹಟನ್-ಮಡಿವಾನಿ ಎಂಬ ಹಾರ 2.74 ಕೋಟಿ ಅಮೆರಿಕನ್ ಡಾಲರಿಗೆ ಹೋಯಿತು. ಅದರಲ್ಲಿ ಇದ್ದದ್ದು 27 ಜೇಡೈಟ್ ಮಣಿಗಳು. ಮಣಿಗಳ ಬಣ್ಣ ಒಂದಕ್ಕೊಂದು ಹೊಂದಬೇಕು ಎಂದರೆ ಎಲ್ಲವೂ ಒಂದೇ ಕಲ್ಲಿನಿಂದ ಬಂದರೆ ಒಳ್ಳೆಯದು. ದುಂಡಗೆ ಕೊರೆಯುವಾಗ ಅರ್ಧಕ್ಕಿಂತ ಜಾಸ್ತಿ ಕಲ್ಲು ಪುಡಿಯಾಗಿ ಹೋಗುತ್ತದೆ. ಅಷ್ಟು ಒಳ್ಳೆಯ ಕಲ್ಲನ್ನು ಹಾಗೆ ಕಳೆದುಕೊಳ್ಳಲು ಧೈರ್ಯ ಬೇಕು.

ಕತ್ತರಿಸದ ಕಲ್ಲನ್ನು ಜೂಜಿನ ಹಾಗೆ ಕೊಳ್ತಾರಂತೆ, ಹೌದಾ?

ಹೌದು, ಬರ್ಮಾದಲ್ಲಿ, ಗಡಿಯಾಚೆ ಚೀನಾದ ರುಯಿಲಿಯಂಥ ಊರುಗಳಲ್ಲಿ ಇದು ಇಂದಿಗೂ ನಡೆಯುತ್ತದೆ. ಗುಂಡುಕಲ್ಲಿನ ಹೊರಗೆ ಕಂದು ಅಥವಾ ಬೂದು ಸಿಪ್ಪೆ ಇರುತ್ತದೆ. ಒಳಗೆ ಏನಿದೆ ಗೊತ್ತಾಗದು. ಮಾರುವವರು ಒಂದು ಕಡೆ ಸಿಪ್ಪೆ ಉಜ್ಜಿ ಬೆರಳಗಲದ ಕಿಟಕಿ ತೆರೆಯುತ್ತಾರೆ. ಕೊಳ್ಳುವವರು ಅದರ ಪಕ್ಕದಲ್ಲಿ ಟಾರ್ಚ್ ಒತ್ತಿ ಹಿಡಿದು ಬೆಳಕು ಎಷ್ಟು ದೂರ ಹರಡುತ್ತದೆ, ಅಂಚಿನಲ್ಲಿ ಯಾವ ಬಣ್ಣ ಏಳುತ್ತದೆ, ಎಲ್ಲಿ ಬಿರುಕಿನ ನೆರಳು ಬೀಳುತ್ತದೆ ಎಂದು ಬಹಳ ಹೊತ್ತು ನೋಡುತ್ತಾರೆ. ಕಿಟಕಿಯನ್ನು ಎಲ್ಲಿ ತೆರೆಯಬೇಕು ಎಂದು ಆರಿಸಿದ್ದು ಮಾರುವವನು ಎಂಬುದನ್ನು ಮರೆಯಬಾರದು. ಕಲ್ಲಿನ ಅತಿ ಚಂದದ ಜಾಗವೇ ಅದಾಗಿರುತ್ತದೆ.

ಹಿಂದೆ ಬೆಲೆ ಮಾತಾಡುವುದೂ ಬಟ್ಟೆಯ ಕೆಳಗೆ, ಬೆರಳು ಹಿಡಿದು. ಪಕ್ಕದಲ್ಲಿ ನಿಂತವರಿಗೂ ಅಂಕಿ ತಿಳಿಯುತ್ತಿರಲಿಲ್ಲ.

ಬರ್ಮಾದ ಜೇಡ್ ವ್ಯಾಪಾರ ಎಷ್ಟು ದೊಡ್ಡದು? ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ?

ಸರಿಯಾದ ಲೆಕ್ಕ ಸಿಗದಿರುವುದೇ ಅಲ್ಲಿನ ದೊಡ್ಡ ಸಮಸ್ಯೆ. ಗ್ಲೋಬಲ್ ವಿಟ್ನೆಸ್ ಸಂಸ್ಥೆ 2015ರ ವರದಿಯಲ್ಲಿ, 2014ರ ಒಂದೇ ವರ್ಷದ ಉತ್ಪಾದನೆ 31 ಶತಕೋಟಿ ಡಾಲರಿನವರೆಗೂ ಇರಬಹುದು ಎಂದು ಅಂದಾಜು ಮಾಡಿತು. ಆ ದೇಶದ ಒಟ್ಟು ಉತ್ಪನ್ನದ ಅರ್ಧದ ಹತ್ತಿರ ಆಯಿತು. ಬೇರೆಯವರ ಅಂದಾಜು ಇದಕ್ಕಿಂತ ಬಹಳ ಕಡಿಮೆ. ಸರ್ಕಾರಿ ಹರಾಜಿಗೆ ಬರುವುದು ಒಂದು ಪಾಲು, ಮಿಕ್ಕದ್ದು ಗಡಿ ದಾಟಿ ಚೀನಾಕ್ಕೆ ಹೋಗುತ್ತದೆ.

ಗಣಿಗಳ ಹಿಂದೆ ಸೇನೆಗೆ ಸೇರಿದ ಕಂಪನಿಗಳು, ಸೇನಾಧಿಕಾರಿಗಳ ಕುಟುಂಬಗಳು ಇವೆ. ಇನ್ನೊಂದು ಕಡೆ ಕಚಿನ್ ಸಶಸ್ತ್ರ ಪಡೆಗಳಿಗೂ ಇದೇ ಕಲ್ಲಿನ ತೆರಿಗೆಯಿಂದ ಆದಾಯ ಬರುತ್ತದೆ. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ, ಏಪ್ರಿಲ್‌ನಲ್ಲಿ ಅಮೆರಿಕ ಅಲ್ಲಿನ ಸರ್ಕಾರಿ ರತ್ನ ಸಂಸ್ಥೆಯಾದ ಮ್ಯಾನ್ಮಾ ಜೆಮ್ಸ್ ಎಂಟರ್‌ಪ್ರೈಸ್ ಮೇಲೆ ನಿರ್ಬಂಧ ಹೇರಿತು.

ಗಣಿ ಕುಸಿದು ಜನ ಸಾಯ್ತಾರೆ ಅಂತ ಪ್ರತಿ ವರ್ಷ ಸುದ್ದಿ ಬರುತ್ತಲ್ಲ, ಯಾಕೆ ನಿಲ್ಲಲ್ಲ?

ಕಂಪನಿಗಳು ದೊಡ್ಡ ಯಂತ್ರಗಳಿಂದ ಬೆಟ್ಟ ಅಗೆದು, ಮಣ್ಣು ಕಲ್ಲನ್ನೆಲ್ಲ ಪಕ್ಕದಲ್ಲೇ ಕಡಿದಾದ ಗುಡ್ಡೆಗಳಾಗಿ ಸುರಿಯುತ್ತವೆ. ಆ ಗುಡ್ಡೆಯಲ್ಲಿ ತಪ್ಪಿಹೋದ ಚೂರು ಆಯಲು ದೇಶದ ಮೂಲೆಮೂಲೆಯಿಂದ ಬಡವರು ಬರುತ್ತಾರೆ. ಅವರನ್ನು ಅಲ್ಲಿ ಯೇಮಸೇ ಎನ್ನುತ್ತಾರೆ. ಲಾರಿ ಮಣ್ಣು ಸುರಿಯುವ ಜಾಗಕ್ಕೇ ಓಡುತ್ತಾರೆ, ಏಕೆಂದರೆ ಹೊಸ ಮಣ್ಣಿನಲ್ಲೇ ಕಲ್ಲು ಸಿಗುವುದು. ಮಳೆಗಾಲದಲ್ಲಿ ಗುಡ್ಡೆ ನೀರು ಕುಡಿದು ಭಾರವಾಗುತ್ತದೆ. 2015ರ ನವೆಂಬರಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಹಲವರು ಗುಡಿಸಲಿನಲ್ಲಿ ಮಲಗಿದ್ದವರು. 2020ರ ಜುಲೈ 2ರಂದು ವಾಯ್ ಖಾರ್ ಗಣಿಯಲ್ಲಿ ಗುಡ್ಡೆ ಕುಸಿದು ನೀರು ತುಂಬಿದ ಹೊಂಡಕ್ಕೆ ಬಿತ್ತು. ಎದ್ದ ಅಲೆಗೆ 170ಕ್ಕೂ ಹೆಚ್ಚು ಜನ ಬಲಿಯಾದರು.

ತ್ಯಾಜ್ಯದ ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕುವುದು, ನೀರು ಹರಿದುಹೋಗಲು ಕಾಲುವೆ ತೋಡುವುದು ಗಣಿ ಎಂಜಿನಿಯರ್‌ಗಳಿಗೆ ಹೊಸ ವಿಷಯವೇನಲ್ಲ. ದುಡ್ಡು ಖರ್ಚಾಗುತ್ತದೆ, ಕೇಳುವವರಿಲ್ಲ. ಆ ಸಾವುಗಳಿಗೆ ಮಳೆಯನ್ನು ದೂರುವುದು ತಪ್ಪು.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸುತ್ತಿವೆ?

ನ್ಯೂಜಿಲೆಂಡ್ 1997ರಲ್ಲಿ ಕಾನೂನು ಮಾಡಿ, ದಕ್ಷಿಣ ದ್ವೀಪದ ಪೌನಮು (ಅಲ್ಲಿ ಜೇಡ್‌ಗೆ ಇರುವ ಹೆಸರು) ಕಲ್ಲಿನ ಒಡೆತನವನ್ನು ಅಲ್ಲಿನ ಮಾವೋರಿ ಬುಡಕಟ್ಟಾದ ಙಾಯ್ ತಾಹುಗೆ ಮರಳಿಸಿತು. ಪಶ್ಚಿಮ ಕರಾವಳಿಯ ಬೀಚ್‌ಗಳಲ್ಲಿ ಕೈಯಲ್ಲಿ ಹೊರುವಷ್ಟನ್ನು ಆಯಲು ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ದಶಕಗಳ ಕಾಲ ಚೀನಾಕ್ಕೆ ನೆಫ್ರೈಟ್ ಮಾರಿತು. 2024ರಲ್ಲಿ ಅಲ್ಲಿನ ಸರ್ಕಾರ ವಾಯವ್ಯ ಭಾಗದಲ್ಲಿ ಹೊಸ ಜೇಡ್ ಗಣಿಗಳಿಗೆ ಬಾಗಿಲು ಮುಚ್ಚಿ, ಇರುವವರಿಗೆ ಕೆಲಸ ಮುಗಿಸಲು 5 ವರ್ಷ ಕೊಟ್ಟಿತು. ದೂರದ ಬೆಟ್ಟಗಳಿಗೆ ಆಗುವ ಹಾನಿ, ಮೂಲನಿವಾಸಿಗಳ ವಿರೋಧ ಎರಡೂ ಕಾರಣ.

## ಗಣಿ, ಹೂಡಿಕೆ, ಆಳದ ಪ್ರಶ್ನೆಗಳು

ಜೇಡ್ ನಿಕ್ಷೇಪ ಹುಡುಕೋದು ಹೇಗೆ?

ನಕ್ಷೆಯಲ್ಲಿ ಮೊದಲು ಸರ್ಪೆಂಟಿನೈಟ್ ಪಟ್ಟಿ, ದೊಡ್ಡ ಸ್ತರಭಂಗ ಎರಡೂ ಇರುವ ಜಾಗ ಗುರುತಿಸುತ್ತಾರೆ. ಸರ್ಪೆಂಟಿನೈಟ್‌ನಲ್ಲಿ ಮ್ಯಾಗ್ನಟೈಟ್ ಇರುವುದರಿಂದ ಕಾಂತೀಯ ಸಮೀಕ್ಷೆಯಲ್ಲಿ ಅದು ಎದ್ದು ಕಾಣುತ್ತದೆ. ಆಮೇಲೆ ಕಾಲ್ನಡಿಗೆ. ಹಳ್ಳ, ನದಿಗಳಲ್ಲಿ ಗುಂಡುಕಲ್ಲು ಆಯುತ್ತಾ ಮೇಲ್ಮುಖವಾಗಿ ಹೋಗುತ್ತಾರೆ. ಕಲ್ಲು ಸಿಗುವುದು ನಿಂತ ಜಾಗದ ಸುತ್ತ ಬಂಡೆಗಳ ಅಂಚನ್ನು ಇಂಚಿಂಚಾಗಿ ನೋಡುತ್ತಾರೆ. ಆಳ ತಿಳಿಯಲು ವಜ್ರದ ಮೊನೆಯ ಡ್ರಿಲ್ ಬಳಸುತ್ತಾರೆ. ಇಷ್ಟಾದರೂ ಅದೃಷ್ಟಕ್ಕೂ ಪಾಲಿದೆ: ದಕ್ಷಿಣ ಆಸ್ಟ್ರೇಲಿಯಾದ ಕೋವೆಲ್ ನೆಫ್ರೈಟ್ 1965ರಲ್ಲಿ ಸಿಕ್ಕಿದ್ದು ಒಬ್ಬ ರೈತನ ಕಣ್ಣಿಗೆ.

ಸಾವಿರಾರು ಟನ್ ಇದೆ ಅಂದ್ರೆ ಲಾಭ ಗ್ಯಾರಂಟಿ ಅಲ್ವಾ?

ಇಲ್ಲ. ಜೇಡ್ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಬಂಗಾರದ ಅದಿರಿನಲ್ಲಿ ಟನ್ನಿಗೆ ಎಷ್ಟು ಗ್ರಾಂ ಎಂದು ಗೊತ್ತಾದರೆ ಬೆಲೆ ಗೊತ್ತಾದಂತೆ. ಕರಗಿಸಿದ ಮೇಲೆ ಎಲ್ಲ ಬಂಗಾರವೂ ಒಂದೇ. ಜೇಡ್ ಕರಗಿಸಿ ಮಾರುವ ವಸ್ತುವಲ್ಲ. ಕಲ್ಲು ಹೇಗಿದೆಯೋ ಹಾಗೇ ಮಾರಬೇಕು. ಒಂದೇ ಬಂಡೆಯಲ್ಲಿ ಒಂದು ಅಡಿ ಆಚೀಚೆ ಆದರೆ ಬಣ್ಣ ಬೇರೆ, ಬಿರುಕು ಬೇರೆ. ಡ್ರಿಲ್ ಕೊರೆದು ತೆಗೆದ ಕಡ್ಡಿಯಷ್ಟು ದಪ್ಪದ ಮಾದರಿ ಖನಿಜ ಯಾವುದು ಎಂದು ಹೇಳುತ್ತದೆ. ಬಳೆ ಅಗಲದ ಬಿರುಕಿಲ್ಲದ ತುಂಡು ಎಷ್ಟು ಸಿಗುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ಒಂದಿಷ್ಟು ದೊಡ್ಡ ಬ್ಲಾಕ್‌ಗಳನ್ನು ನಿಜವಾಗಿ ಕೊಯ್ದು, ಹಲಗೆ ಮಾಡಿ, ಮಾರಿ ನೋಡಬೇಕು.

ಕೋವೆಲ್‌ನಲ್ಲಿ ಕಲ್ಲಿಗೆ ಕೊರತೆ ಇರಲಿಲ್ಲ. ಆದರೆ ಹೆಚ್ಚಿನದು ಕಡು ಹಸಿರು, ಕಪ್ಪು. ಮಾರುಕಟ್ಟೆ ಕೇಳುವುದು ತಿಳಿ, ಹೊಳೆಯುವ ಕಲ್ಲನ್ನು. ತೈವಾನಿನ ಫೆಂಗ್‌ಟಿಯನ್ ಗಣಿಗಳು 1960–70ರ ದಶಕದಲ್ಲಿ ಜೋರಾಗಿದ್ದವು. ಕೂಲಿ ಏರಿತು, ಕೆನಡಾದಿಂದ ಅಗ್ಗದ ಕಲ್ಲು ಬಂತು, ಕೆಲಸ ನಿಂತಿತು. ಗಣಿಗಾರಿಕೆಯ ಖರ್ಚೂ ಬೇರೆ ಥರದ್ದು. ಸಿಡಿಮದ್ದು ಹಾಕಿದರೆ ಕಲ್ಲಿನೊಳಗೆ ಬಿರುಕು ಹರಡಿ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಹಾಗಾಗಿ ವಜ್ರದ ಹಲ್ಲಿನ ಗರಗಸದಿಂದ ನಿಧಾನವಾಗಿ ಕೊಯ್ಯಬೇಕು. ನಿಕ್ಷೇಪದ ನಿಜವಾದ ಬೆಲೆ ಟನ್ನಿನಲ್ಲಿಲ್ಲ, ಆ ಟನ್ನಿನಲ್ಲಿ ಎಷ್ಟು ಕಿಲೋ ಆಭರಣಕ್ಕೆ ಯೋಗ್ಯ ಎನ್ನುವುದರಲ್ಲಿದೆ.

ಜೇಡ್ ಗಣಿ ಕಂಪನಿಯಲ್ಲಿ ದುಡ್ಡು ಹಾಕು ಅಂತ ಒಬ್ಬರು ಹೇಳ್ತಿದ್ದಾರೆ. ಹಾಕಬಹುದಾ?

ಮೊದಲು ಅವರನ್ನು ಇಷ್ಟು ಕೇಳಿ. ಕಲ್ಲು ಜೇಡೈಟೋ ನೆಫ್ರೈಟೋ, ವರದಿ ಕೊಟ್ಟ ಲ್ಯಾಬ್ ಯಾವುದು? ಕೊಯ್ದ ಬ್ಲಾಕ್‌ಗಳಲ್ಲಿ ಎಷ್ಟು ಪಾಲು ಯಾವ ದರ್ಜೆಗೆ ಹೋಯಿತು? ಈವರೆಗೆ ಕೊಂಡವರು ಯಾರು, ಯಾವ ಬೆಲೆಗೆ? ಗಣಿ ಪರವಾನಗಿ ಎಷ್ಟು ವರ್ಷಕ್ಕಿದೆ? ಟನ್ ಲೆಕ್ಕವನ್ನು ಹರಾಜಿನ ದಾಖಲೆ ಬೆಲೆಗೆ ಗುಣಿಸಿ ಲಕ್ಷ ಕೋಟಿ ತೋರಿಸಿದರೆ ಎದ್ದು ಬನ್ನಿ. ಜೇಡ್‌ಗೆ ತಾಮ್ರ, ಬಂಗಾರಕ್ಕಿರುವಂಥ ದಿನದ ದರ ಇಲ್ಲ, ಬೇಕೆಂದಾಗ ಕೊಳ್ಳುವವರು ಸಿಗುವುದಿಲ್ಲ. ಕೊಳ್ಳುವವರಲ್ಲಿ ಬಹುಪಾಲು ಒಂದೇ ದೇಶದವರು, ಆ ದೇಶದಲ್ಲಿ ಕೈ ಬಿಗಿಯಾದರೆ ಜಗತ್ತಿನ ಎಲ್ಲ ಜೇಡ್ ಗಣಿಗಳಿಗೂ ಪೆಟ್ಟು.

ಕಲ್ಲು ನೋಡಿ ಯಾವ ಗಣಿಯದು ಅಂತ ಲ್ಯಾಬ್‌ನವರು ಹೇಳಬಲ್ಲರಾ?

ಕೆಲವು ಸಲ ಖಚಿತವಾಗಿ ಹೇಳಬಲ್ಲರು. ಸೂಕ್ಷ್ಮ ಪ್ರಮಾಣದ ಲೋಹಗಳು, ಒಳಗೆ ಸಿಕ್ಕಿಕೊಂಡ ಖನಿಜದ ಚೂರುಗಳು ಹುಟ್ಟೂರಿನ ಗುರುತನ್ನು ಉಳಿಸಿಕೊಂಡಿರುತ್ತವೆ. ಸರ್ಪೆಂಟಿನೈಟ್ ಬಳಿ ಹುಟ್ಟಿದ ನೆಫ್ರೈಟ್‌ನಲ್ಲಿ ಕ್ರೋಮಿಯಂ, ನಿಕ್ಕಲ್ ಜಾಸ್ತಿ. ಡಾಲಮೈಟ್ ಬಳಿಯದ್ದರಲ್ಲಿ ಬಹಳ ಕಡಿಮೆ. ಫೆಂಗ್‌ಟಿಯನ್ ನೆಫ್ರೈಟ್‌ನೊಳಗಿನ ಕ್ರೋಮೈಟ್ ಚೂರುಗಳಲ್ಲಿ ಸತು ಇರುತ್ತದೆ. ಈ ಗುರುತು ಹಿಡಿದು ಸಂಶೋಧಕರು ಫಿಲಿಪೀನ್ಸ್, ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಸಿಕ್ಕ ಪ್ರಾಚೀನ ಕಿವಿಯೋಲೆಗಳು ತೈವಾನಿನ ಕಲ್ಲಿನವು ಎಂದು 2007ರಲ್ಲಿ ತೋರಿಸಿದರು. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಕಲ್ಲು ದೋಣಿಗಳಲ್ಲಿ ದಕ್ಷಿಣ ಚೀನಾ ಸಮುದ್ರದ ಸುತ್ತ ಓಡಾಡಿತ್ತು ಎಂಬುದು ಹೀಗೆ ಗೊತ್ತಾಯಿತು.

ಅಂಗಡಿಯ ಬಳೆಗೆ ಇಂಥ ಪರೀಕ್ಷೆ ಅಪರೂಪ, ಖರ್ಚೂ ಜಾಸ್ತಿ. ನಿರ್ಬಂಧ ಇರುವ ದೇಶದ ಕಲ್ಲು ಬೇಡ ಎನ್ನುವ ಗ್ರಾಹಕರು ಹೆಚ್ಚಾದಂತೆ, ಬರ್ಮಾದ ಜೇಡೈಟನ್ನು ಗ್ವಾಟೆಮಾಲಾದ್ದರಿಂದ ಬೇರ್ಪಡಿಸುವ ಕೆಲಸಕ್ಕೆ ಲ್ಯಾಬ್‌ಗಳಲ್ಲಿ ಬೇಡಿಕೆ ಏರುತ್ತದೆ ಎಂದು ನನಗೆ ಅನ್ನಿಸುತ್ತದೆ.